ಸ್ಟಾಕ್ ಪಟ್ಟಿಯಲ್ಲಿ ಬಂದ 18446744073709551615: ಈ ಸಂಖ್ಯೆಯನ್ನು ಒಡೆಯುವುದು ಹೇಗೆ?

ಬದಿಯಡ್ಕದ ಅಂಗಡಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನನ್ನದೊಂದು ಹಿಂಡಿ, ಗೊಬ್ಬರದ ಅಂಗಡಿ ಉಂಟು. ಮೊನ್ನೆ ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಕಂಪ್ಯೂಟರಿನಿಂದ ಸ್ಟಾಕ್ ಪಟ್ಟಿ ತೆಗೆದೆ. ನೆಲಗಡಲೆ ಹಿಂಡಿಯ ಎದುರು ಬಾಕಿ ಗೋಣಿ ಎಷ್ಟು ಅಂತ ಇರುವಲ್ಲಿ ಉದ್ದಕ್ಕೆ ಒಂದು ಸಂಖ್ಯೆ. ಬಿಲ್ಲಿನ ಕಾಗದ ಸಣ್ಣದು, ಅಗಲ ಸಾಲದೆ ಸಂಖ್ಯೆ ತುಂಡಾಗಿ ಕೊನೆಯ 1615 ಮಾತ್ರ ಕೆಳಗಿನ ಸಾಲಿಗೆ ಬಿದ್ದಿತ್ತು. ಕೆಲಸದ ಹುಡುಗ ಅದನ್ನೇ ನೋಡಿ "1615 ಗೋಣಿ ಎಲ್ಲಿಂದ ಬಂತು ಅಣ್ಣ" ಅಂತ ಕೇಳಿದ. ಒಳಗೆ ಎಣಿಸಿದರೆ ಇದ್ದದ್ದು 39.

ಆಮೇಲೆ ನೆನಪಾಯಿತು. ಹಿಂದಿನ ದಿನವೇ ಆ ಹಿಂಡಿ ಪೂರ್ತಿ ಖಾಲಿ, ಸ್ಟಾಕ್ ಸೊನ್ನೆ. ಬೆಳಿಗ್ಗೆ ಲಾರಿ ಬಂದು 40 ಗೋಣಿ ಇಳಿಸಿತು, ಮಳೆ ಬರುವ ಹಾಗಿತ್ತು, ಗಡಿಬಿಡಿಯಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಲಿಲ್ಲ, ಅಷ್ಟರಲ್ಲಿ ಒಬ್ಬರು ಬಂದು ಒಂದು ಗೋಣಿ ತೆಗೆದುಕೊಂಡು ಹೋದರು, ಅದರ ಬಿಲ್ಲು ಮಾತ್ರ ಆಯಿತು.

ಎರಡೂ ಸಾಲು ಜೋಡಿಸಿದರೆ ಸಂಖ್ಯೆ ಹೀಗೆ: 18446744073709551615. ನಮ್ಮ ಲೆಕ್ಕದ ಹಾಗೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಓದಲಿಕ್ಕೇ ಬರಲಿಲ್ಲ ನನಗೆ.

ಅಂಗಡಿಯ ಲೆಕ್ಕ ಹೇಗೋ ಸರಿ ಮಾಡಬಹುದು. ನಾನು ಇಲ್ಲಿ ಬರೆಯುತ್ತಿರುವುದು ಮಗಳಿಂದಾಗಿ. ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಎರಡು ರಾತ್ರಿ ಅದರ ಜೊತೆಗೇ ಕೂತಿದ್ದಾಳೆ. ಅಂಕಿಗಳನ್ನೆಲ್ಲ ಕೂಡಿಸಿದಳು, 87 ಬಂತು. ಅಂದರೆ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಕೊನೆಯಲ್ಲಿ 5 ಇದೆ, ಹಾಗಾಗಿ 5ರಿಂದಲೂ ಹೋಗುತ್ತದೆ. ಎರಡೂ ಸೇರಿಸಿ 15ರಿಂದ ಭಾಗಿಸಿದಳು: 1229782938247303441. ಫೋನಿನ ಕ್ಯಾಲ್ಕುಲೇಟರ್ 1.8446744 ಅಂತ ಏನೋ ತೋರಿಸಿ ನಿಲ್ಲಿಸಿತು, ಹಾಗಾಗಿ ಎಲ್ಲ ಕೈಯಲ್ಲೇ.

ಆಮೇಲೆ 7, 11, 13ರಿಂದ ಒಂದೊಂದಾಗಿ ನೋಡಿದಳು. ಯಾವುದರಿಂದಲೂ ಹೋಗಲಿಲ್ಲ, ಆದರೆ ಮೂರರಲ್ಲೂ ಶೇಷ 1 ಬಂತು. ತಪ್ಪಾಗಿರಬೇಕು ಅಂತ ಮೂರನ್ನೂ ಮತ್ತೊಮ್ಮೆ ಮಾಡಿದಳು, ಮತ್ತೆ 1, 1, 1. ಇದು ಸುಮ್ನೆ ಹಾಗೆ ಬಂದದ್ದಾ, ಇಲ್ಲ ಒಳಗೆ ಏನಾದರೂ ಉಂಟಾ ಅಂತ ಕೇಳುತ್ತಾಳೆ. ಇನ್ನು ಮುಂದೆ ಯಾವುದರಿಂದ ಭಾಗಿಸಬೇಕು? ಕಂಪ್ಯೂಟರಿಗೆ ಈ ಸಂಖ್ಯೆಯೇ ಯಾಕೆ ಬಂತು? ಗೊತ್ತಿರುವವರು ದಯವಿಟ್ಟು ಹೇಳಿ, ಅವಳಿಗೆ ಅರ್ಥವಾಗುವ ಹಾಗೆ.


ಕುಂಬಳೆ ಕೋಡರ್

ಅಣ್ಣ, ಆ ಸಂಖ್ಯೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ಮುಖ.

ನಿಮ್ಮ ಸ್ಕೂಟರಿನ ಕಿಲೋಮೀಟರ್ ಮೀಟರ್ ನೆನಪು ಮಾಡಿಕೊಳ್ಳಿ, ಹಳೇ ಕಾಲದ ಅಂಕಿ ತಿರುಗುವಂಥದ್ದು. 00000 ಇರುವಾಗ ಅದನ್ನು ಒಂದು ಹಿಂದಕ್ಕೆ ತಿರುಗಿಸಿದರೆ ಏನು ಬರುತ್ತದೆ? 99999. ಮೀಟರಿಗೆ ಸೊನ್ನೆಗಿಂತ ಕಡಿಮೆ ಅಂದರೆ ಗೊತ್ತಿಲ್ಲ, ಹಾಗಾಗಿ ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಗೆ ಹೋಗಿ ನಿಲ್ಲುತ್ತದೆ. ಈಗಿನ ಕಂಪ್ಯೂಟರ್ ಒಂದು ಸಂಖ್ಯೆಗೆ ಸಾಮಾನ್ಯವಾಗಿ 64 ಮನೆ ಕೊಡುತ್ತದೆ, ಒಂದೊಂದು ಮನೆಯಲ್ಲಿ 0 ಅಥವಾ 1. ಅಷ್ಟೂ ಮನೆಯಲ್ಲಿ 0 ಇದ್ದಾಗ ಒಂದು ಕಳೆದರೆ ಅಷ್ಟೂ ಮನೆಯಲ್ಲಿ 1 ಬರುತ್ತದೆ. 64 ಒಂದುಗಳು ಸಾಲಾಗಿ ನಿಂತರೆ ಆ ಸಂಖ್ಯೆ 2ರ 64ನೇ ಘಾತಕ್ಕೆ ಒಂದು ಕಡಿಮೆ. ಅದೇ ನಿಮ್ಮ ಚೀಟಿಯಲ್ಲಿ ಇರುವುದು. ಅಂದರೆ ಕಂಪ್ಯೂಟರ್ ಹೇಳಿದ್ದು "ಒಂದು ಗೋಣಿ ಕಮ್ಮಿ" ಅಂತಲೇ, ಮೈನಸ್ ಬರೆಯುವ ವ್ಯವಸ್ಥೆ ಆ ಜಾಗದಲ್ಲಿ ಇಟ್ಟಿರಲಿಲ್ಲ.

ಒಂದು ಮಾಡಿ. ಕೈಯಿಂದ ಏನೂ ತಿದ್ದಬೇಡಿ. ಬಿಟ್ಟುಹೋದ 40 ಗೋಣಿಯ ಖರೀದಿಯನ್ನು ಹಾಕಿ. ಮೀಟರ್ ಮುಂದಕ್ಕೆ ತಿರುಗಿ ಸೊನ್ನೆ ದಾಟಿ ಸರಿಯಾಗಿ 39ಕ್ಕೆ ಬರಬೇಕು. ಆಮೇಲೆ ಸಾಫ್ಟ್‌ವೇರ್ ಕೊಟ್ಟವರಿಗೆ ಹೇಳಿ, ಸ್ಟಾಕ್ ಇಡುವ ಜಾಗದಲ್ಲಿ ಮೈನಸ್ ಸಂಖ್ಯೆಯೂ ಹಿಡಿಯುವ ಹಾಗೆ ಮಾಡಿಕೊಡಲಿ. ಆಗ ಅತಿ ದೊಡ್ಡ ಸಂಖ್ಯೆ ಅರ್ಧವಾಗುತ್ತದೆ, 9223372036854775807. ಹಿಂಡಿಗೆ ಅಷ್ಟು ಧಾರಾಳ ಸಾಕು.

ಇನ್ನೊಂದು, ಮಗಳಿಗೆ ಎಕ್ಸೆಲ್‌ನಲ್ಲಿ ಹಾಕಿ ನೋಡಬೇಡ ಅಂತ ಹೇಳಿ. ಅದು 15 ಅಂಕಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದಕ್ಕೆ ಸೊನ್ನೆ ಹಾಕಿಬಿಡುತ್ತದೆ. 18446744073709500000 ಅಂತ ತೋರಿಸುತ್ತದೆ. ಅದನ್ನು ಭಾಗಿಸುತ್ತಾ ಕೂತರೆ ಪೂರ್ತಿ ದಾರಿ ತಪ್ಪುತ್ತದೆ. ಕೈಯಲ್ಲಿ ಮಾಡಿದ್ದು ಸರಿಯಾದ ದಾರಿ.

ಅವಳಿಗೆ 15ರಿಂದ ಭಾಗಿಸಿ ಬಂದ ಸಂಖ್ಯೆ ಉಂಟಲ್ಲ, 1229782938247303441, ಅದನ್ನು ನಾವು 16ರ ಆಧಾರದಲ್ಲಿ ಬರೆದರೆ 1111111111111111 ಬರುತ್ತದೆ. ಹದಿನಾರು ಒಂದು. ಹತ್ತರ ಲೆಕ್ಕದಲ್ಲಿ ಚೆಲ್ಲಾಪಿಲ್ಲಿ ಕಾಣುವುದು ಅದರ ತಪ್ಪಲ್ಲ, ನಾವು ಹತ್ತು ಬೆರಳಲ್ಲಿ ಎಣಿಸುತ್ತೇವೆ ಅಷ್ಟೆ. ಒಡೆಯುವ ವಿಷಯ ಪೆರ್ಲದ ಮಾಷ್ಟ್ರು ಹೇಳಿದರೆ ಚೆನ್ನ, ಅವರು ಇಲ್ಲಿ ಇದ್ದಾರೆ.


ಪೆರ್ಲದ ಗಣಿತ ಮಾಷ್ಟ್ರು

ಮೊದಲು ಮಗುವಿನ 1, 1, 1ರ ವಿಷಯ. ಅದು ಸುಮ್ನೆ ಬಂದದ್ದಲ್ಲ. ತಪ್ಪಿರಬೇಕು ಅಂತ ಇನ್ನೊಮ್ಮೆ ಮಾಡಿ ನೋಡಿದಳಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಮೂವತ್ತು ವರ್ಷ ಪಾಠ ಮಾಡಿದವನು ನಾನು, ಶೇಷವನ್ನು ಹೀಗೆ ಗಮನಿಸಿ ನೋಡುವ ಮಕ್ಕಳು ಕಡಿಮೆ.

ಒಂದು ಕಾಗದ ತೆಗೆದುಕೊಂಡು 1, 2, 4, 8, 16 ಅಂತ ಎರಡರಷ್ಟು ಮಾಡುತ್ತಾ ಹೋಗಲಿ. ಪ್ರತಿಯೊಂದನ್ನೂ 7ರಿಂದ ಭಾಗಿಸಿ ಶೇಷ ಮಾತ್ರ ಬರೆಯಲಿ. 1, 2, 4, ಮತ್ತೆ 1, 2, 4. ಮೂರು ಹೆಜ್ಜೆಗೊಮ್ಮೆ ಸುತ್ತು ತಿರುಗುತ್ತದೆ. 11ರಿಂದ ಮಾಡಿದರೆ ಹತ್ತು ಹೆಜ್ಜೆಗೊಂದು ಸುತ್ತು. 13ರಿಂದ ಹನ್ನೆರಡು ಹೆಜ್ಜೆಗೆ. 3, 10, 12 ಮೂರಕ್ಕೂ ಸರಿಹೊಂದುವ ಸಂಖ್ಯೆ 60. ಅಂದರೆ 60 ಹೆಜ್ಜೆ ಆದಾಗ ಮೂರೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬಂದು ನಿಂತಿರುತ್ತವೆ. 64ನೇ ಹೆಜ್ಜೆ ಅಂದರೆ ಅಲ್ಲಿಂದ ಬರೀ ನಾಲ್ಕು ಮುಂದೆ, 16. ಅದರಲ್ಲಿ ಒಂದು ಕಳೆದರೆ 15. ಇವಳು ಮೊದಲೇ 15ರಿಂದ ಭಾಗಿಸಿದ್ದಾಳೆ. ಉಳಿಯುವುದು 1. ಮೂರರಲ್ಲೂ!

ತಾಳೆ ನೋಡಲಿಕ್ಕೆ ಸುಲಭದ ದಾರಿ ಉಂಟು. 7, 11, 13 ಗುಣಿಸಿದರೆ 1001. ಹಾಗಾಗಿ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ತುಂಡು ಮಾಡಿ, ಒಂದು ಕೂಡಿಸಿ ಒಂದು ಕಳೆಯುತ್ತಾ ಹೋದರೆ ಮೂರರ ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುತ್ತದೆ. 441 − 303 + 247 − 938 + 782 − 229 + 1. ಮಾಡಿ ನೋಡಿ, ಸರಿಯಾಗಿ 1 ಬರುತ್ತದೆ.

ಈಗ ಒಡೆಯುವ ವಿಷಯ. ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಬರೀ ಕೈಗೆ ಕೊಟ್ಟು ಒಡೆ ಅಂದರೆ ನನಗೂ ಕಷ್ಟವೇ. ಆದರೆ ಕುಂಬಳೆಯವರು ಇದು ಹುಟ್ಟಿದ ಬಗೆ ಹೇಳಿದ್ದಾರಲ್ಲ, 2ರ 64ನೇ ಘಾತಕ್ಕೆ ಒಂದು ಕಡಿಮೆ ಅಂತ. ಅಷ್ಟು ಗೊತ್ತಾದರೆ ಭಾಗಿಸುವ ಕೆಲಸವೇ ಬೇಡ. ಒಂಬತ್ತನೇ ಕ್ಲಾಸಿನಲ್ಲಿ ಒಂದು ಸೂತ್ರ ಉಂಟು, ಎರಡು ವರ್ಗಗಳ ವ್ಯತ್ಯಾಸ ಅಂದರೆ ಅವುಗಳ ಮೊತ್ತ ಗುಣಿಸು ಅವುಗಳ ವ್ಯತ್ಯಾಸ. 2ರ 64ನೇ ಘಾತ ಅಂದರೆ 2ರ 32ನೇ ಘಾತದ ವರ್ಗ. 1 ಅಂದರೆ 1ರ ವರ್ಗ. ಹಾಗಾಗಿ ನಮ್ಮ ಸಂಖ್ಯೆ ಎರಡು ತುಂಡಾಗುತ್ತದೆ: 4294967295 ಒಂದು, 4294967297 ಇನ್ನೊಂದು. ಮೊದಲಿನದ್ದು ಮತ್ತೆ ವರ್ಗಗಳ ವ್ಯತ್ಯಾಸವೇ, ಅದು 65535 ಮತ್ತು 65537 ಆಗುತ್ತದೆ. 65535 ಮತ್ತೆ ಒಡೆದು 255, 257. 255 ಒಡೆದು 15, 17. 15 ಒಡೆದು 3, 5. ಹಲಸಿನ ಹಣ್ಣು ಸರಿಯಾದ ಕಡೆ ಕೊಯ್ದರೆ ತೊಳೆ ತಾನಾಗಿ ಬಿಡುತ್ತದೆ ಅಲ್ವಾ, ಹಾಗೆ. ಒಂದೇ ಸೂತ್ರ, ಮತ್ತೆ ಮತ್ತೆ ಹಾಕಿದ್ದು, ಆರು ತುಂಡು ಕೈಗೆ ಬಂತು:

3 × 5 × 17 × 257 × 65537 × 4294967297

ಮಗಳು 13ಕ್ಕೆ ನಿಲ್ಲಿಸಿದಳು. ಇನ್ನೊಂದು ಹೆಜ್ಜೆ ಹೋಗಿದ್ದರೆ 17 ಸಿಗುತ್ತಿತ್ತು.

ಈ ಆರಕ್ಕೂ ಫರ್ಮಾ ಸಂಖ್ಯೆಗಳು ಅಂತ ಹೆಸರು. ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರ ಸುಮಾರಿಗೆ, ಹೀಗೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯ ಸಂಖ್ಯೆಗಳೇ ಇರಬೇಕು ಅಂತ ನಂಬಿದ್ದ. 3, 5, 17, 257, 65537 ಐದೂ ನಿಜವಾಗಿ ಅವಿಭಾಜ್ಯ. ಆರನೆಯದು 4294967297. ಅದನ್ನು ಒಡೆದು ತೋರಿಸಿದವನು ಆಯ್ಲರ್, 1732ರಲ್ಲಿ. ಅವನಿಗೆ ಆಗ 25 ವರ್ಷ. 641ರಿಂದ ಭಾಗವಾಗುತ್ತದೆ ಅಂದ. 641 × 6700417 = 4294967297.

ಆಯ್ಲರ್ ಕಂಡುಕೊಂಡ ಉಪಾಯ ಏನೆಂದರೆ, ಈ ಆರನೆಯ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆಯೂ 64ರ ಮಗ್ಗಿಗಿಂತ ಒಂದು ಜಾಸ್ತಿ ಇರಲೇಬೇಕು. 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ ಅಂದರೆ 193, 257, 449, 577, 641 ಮಾತ್ರ. ಐದನೆಯದಕ್ಕೇ ಸಿಕ್ಕಿತು.

641 ಭಾಗಿಸುತ್ತದೆ ಅನ್ನುವುದನ್ನು ಭಾಗಾಕಾರ ಮಾಡದೆಯೂ ಕಾಣಬಹುದು. ಇದು ನನಗೆ ಅತ್ಯಂತ ಇಷ್ಟವಾದ ನಾಲ್ಕು ಸಾಲು, ಹಾಗಾಗಿ ಬರೆಯುತ್ತೇನೆ. 641 ಅಂದರೆ 640 + 1. 640 ಅಂದರೆ 5 ಗುಣಿಸು 2ರ 7ನೇ ಘಾತ. ಅದು 641ಕ್ಕೆ ಒಂದು ಕಮ್ಮಿ, ಹಾಗಾಗಿ 641ರಿಂದ ಭಾಗಿಸುವಾಗಿನ ಶೇಷದ ಲೆಕ್ಕದಲ್ಲಿ ಅದು ಮೈನಸ್ 1ಕ್ಕೆ ಸಮ. ನಾಲ್ಕು ಸಲ ಗುಣಿಸಿದರೆ 5ರ 4ನೇ ಘಾತ ಗುಣಿಸು 2ರ 28ನೇ ಘಾತ, ಅದು ಪ್ಲಸ್ 1. ಈಗ ಇನ್ನೊಂದು ಕಡೆಯಿಂದ ನೋಡಿ, 641 ಅಂದರೆ 625 + 16 ಕೂಡ ಹೌದು. 5ರ 4ನೇ ಘಾತ, 2ರ 4ನೇ ಘಾತ. ಅಂದರೆ 5ರ 4ನೇ ಘಾತದ ಜಾಗದಲ್ಲಿ ಮೈನಸ್ 2ರ 4ನೇ ಘಾತ ಇಡಬಹುದು. ಇಟ್ಟರೆ 28ಕ್ಕೆ 4 ಸೇರಿ 32. ಮೈನಸ್ 2ರ 32ನೇ ಘಾತ ಅಂದರೆ ಪ್ಲಸ್ 1 ಅಂತಾಯಿತು. ಹಾಗಾದರೆ 2ರ 32ನೇ ಘಾತಕ್ಕೆ 1 ಸೇರಿಸಿದರೆ 641ಕ್ಕೆ ಶೇಷವೇ ಇಲ್ಲ.

ಉಳಿದದ್ದು 6700417. ಇದು ಅವಿಭಾಜ್ಯವಾ ಅಂತ ನೋಡುವ ಕೆಲಸ ಮಗಳಿಗೆ. ಅದರ ವರ್ಗಮೂಲ 2588ರ ಹತ್ತಿರ, ಅಲ್ಲಿಯವರೆಗೆ ನೋಡಿದರೆ ಸಾಕು. ಎಲ್ಲ ಅವಿಭಾಜ್ಯ ಸಂಖ್ಯೆ ನೋಡುತ್ತಾ ಹೋದರೆ ಮುನ್ನೂರಕ್ಕೂ ಮೇಲೆ ಉಂಟು. ಆದರೆ ಆಯ್ಲರ್‌ನ ನಿಯಮವನ್ನು ಲ್ಯೂಕಾ ಅನ್ನುವ ಇನ್ನೊಬ್ಬ ಫ್ರೆಂಚ್ ಗಣಿತಜ್ಞ 1878ರಲ್ಲಿ ಇನ್ನೂ ಬಿಗಿ ಮಾಡಿದ, 64ರ ಮಗ್ಗಿ ಅಲ್ಲ, 128ರ ಮಗ್ಗಿಗಿಂತ ಒಂದು ಜಾಸ್ತಿ ಇರಬೇಕು ಅಂತ. ಹಾಗೆ ಜರಡಿ ಹಿಡಿದರೆ ಉಳಿಯುವುದು ಐದೇ: 257, 641, 769, 1153, 1409. ಐದು ಭಾಗಾಕಾರ. ಶೇಷ ಎಷ್ಟು ಬಂತು ಅಂತ ಇಲ್ಲಿ ಬರೆಯಲಿ, ನಾನು ನೋಡುತ್ತೇನೆ.


ಹೊಸದುರ್ಗ ಪೇಟೆ

ಮಾಷ್ಟ್ರು ಬರೆದದ್ದು ಓದಿ ಖುಷಿಯಾಯಿತು. ಈ ಸಂಖ್ಯೆ ನಮ್ಮ ಕೇರಳದಲ್ಲಿ ಬೇರೆ ಕಥೆಯಾಗಿ ಉಂಟು. ಅಂಬಲಪ್ಪುಳದ ಕೃಷ್ಣ ದೇವಸ್ಥಾನದ ಪಾಲ್‌ಪಾಯಸದ, ಅಂದರೆ ಹಾಲಿನ ಪಾಯಸದ ಐತಿಹ್ಯ. ಚದುರಂಗದ ಹುಚ್ಚಿನ ರಾಜ, ಮಾರುವೇಷದಲ್ಲಿ ಬಂದ ಕೃಷ್ಣ, ಗೆದ್ದರೆ ಮೊದಲ ಮನೆಗೆ ಒಂದು ಕಾಳು ಅಕ್ಕಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಮಣೆಯಲ್ಲಿ 64 ಮನೆ. ಒಟ್ಟು ಕಾಳು ಎಷ್ಟು ಅಂದರೆ ಬದಿಯಡ್ಕದವರ ಚೀಟಿಯಲ್ಲಿ ಇರುವಷ್ಟೇ, ಒಂದೂ ಹೆಚ್ಚಿಲ್ಲ ಒಂದೂ ಕಮ್ಮಿಯಿಲ್ಲ.

ಯಾಕೆ ಅಷ್ಟೇ ಅಂತ ನಾನು ನನ್ನ ತಂಗಿಯ ಮಗನಿಗೆ ಹೇಳಿಕೊಟ್ಟದ್ದು ಹೀಗೆ. ಪಕ್ಕದಿಂದ ಒಂದು ಕಾಳು ಸಾಲ ತಂದು ಮೊದಲ ಮನೆಯ ಕಾಳಿಗೆ ಸೇರಿಸು, ಎರಡಾಯಿತು. ಅದನ್ನು ಎರಡನೇ ಮನೆಯ ಎರಡಕ್ಕೆ ಸೇರಿಸು, ನಾಲ್ಕು. ಅದನ್ನು ಮೂರನೆಯದಕ್ಕೆ, ಎಂಟು. ಹೀಗೆ ತಳ್ಳಿಕೊಂಡು ಹೋದರೆ ಕೊನೆಗೆ 65ನೇ ಮನೆಗೆ ಬರಬೇಕಾದಷ್ಟು ಆಗುತ್ತದೆ. ಸಾಲದ ಆ ಒಂದು ಕಾಳು ವಾಪಸ್ ಕೊಡು. ಆಯಿತು. ಕುಂಬಳೆಯವರು ಹೇಳಿದ ಮೀಟರ್ ತಿರುಗುವುದೂ ಇದೇ ಅಲ್ವಾ? ಎಲ್ಲ ಮನೆಯಲ್ಲಿ 1 ಇದ್ದಾಗ ಇನ್ನೊಂದು ಹಾಕಿದರೆ ಸಾಲಾಗಿ ಎಲ್ಲವೂ ಮಗುಚಿ ಸೊನ್ನೆ.

ಸಾವಿರ ಕಾಳಿಗೆ 25 ಗ್ರಾಂ ಹಿಡಿದರೆ ಅರ್ಧ ಮಣೆ, ಅಂದರೆ 32 ಮನೆ ಮುಗಿಯುವಾಗ 107 ಟನ್ ಅಕ್ಕಿ. ಅದು ರಾಜನಿಗೆ ಕಷ್ಟವಲ್ಲ, ಹತ್ತು ಲಾರಿ. ಪೂರ್ತಿ ಮಣೆಗೆ 46 ಸಾವಿರ ಕೋಟಿ ಟನ್. ಈಗ ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ ಆಸುಪಾಸು. ಒಂಬೈನೂರು ವರ್ಷದ ಬೆಳೆ. ರಾಜ ಕೊಡಲಾರದೆ ಅದರ ಬದಲು ಬಂದವರಿಗೆಲ್ಲ ದಿನಾ ಪಾಯಸ ಅಂತಾಯಿತು, ಅದು ಇವತ್ತಿಗೂ ನಡೆಯುತ್ತಿದೆ.


ಅಕ್ಕಲಕೋಟ ಡ್ರಾಯಿಂಗ್ ಸರ್

ನಾನು ಸೊಲ್ಲಾಪುರ ಜಿಲ್ಲೆಯವನು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಗಣಿತ ಅಷ್ಟಾಗಿ ಬರುವುದಿಲ್ಲ, ಆದರೆ 3, 5, 17, 257, 65537 ನೋಡಿ ಸುಮ್ಮನಿರಲಿಕ್ಕೆ ಆಗಲಿಲ್ಲ. ಇವು ನಮ್ಮ ಕೈವಾರದ ಸಂಖ್ಯೆಗಳು.

ಕೈವಾರ ಮತ್ತು ಗುರುತಿಲ್ಲದ ಸ್ಕೇಲು, ಎರಡೇ ಇಟ್ಟುಕೊಂಡು ಸಮನಾದ ಭುಜಗಳ ಆಕೃತಿ ಬರೆಯಬೇಕು. ಮೂರು ಭುಜ ಬರುತ್ತದೆ, ಐದು ಬರುತ್ತದೆ, ಏಳು ಬರುವುದಿಲ್ಲ. ಎಷ್ಟು ಜಾಣತನ ಮಾಡಿದರೂ ಬರುವುದಿಲ್ಲ. 17 ಭುಜದ್ದು ಬರುತ್ತದೆ ಅಂತ 1796ರಲ್ಲಿ ಗಾಸ್ ಕಂಡುಹಿಡಿದ, ಇನ್ನೂ 19 ತುಂಬಿರಲಿಲ್ಲ ಅವನಿಗೆ. ಅದಕ್ಕೆ ಮೊದಲು ಎರಡು ಸಾವಿರ ವರ್ಷ ಯಾರಿಗೂ ಇದರಲ್ಲಿ ಹೊಸದು ಸಿಕ್ಕಿರಲಿಲ್ಲ. ಬೆಸ ಭುಜಗಳ ಆಕೃತಿ ಬರೆಯಲಿಕ್ಕೆ ಬರಬೇಕಾದರೆ, ಭುಜಗಳ ಸಂಖ್ಯೆ ಅವಿಭಾಜ್ಯವಾದ ಫರ್ಮಾ ಸಂಖ್ಯೆಗಳನ್ನು ಒಂದೊಂದೇ ಸಲ ಗುಣಿಸಿ ಬಂದದ್ದಾಗಿರಬೇಕು. ಅಂಥ ಅವಿಭಾಜ್ಯ ಸಂಖ್ಯೆ ಇವತ್ತಿನವರೆಗೆ ಗೊತ್ತಿರುವುದು ಆ ಐದೇ. ಐದರಿಂದ ಬೇರೆ ಬೇರೆ ರೀತಿ ಆರಿಸಿ ಗುಣಿಸಿಕೊಂಡರೆ 31 ಆಕೃತಿ. ಐದನ್ನೂ ಗುಣಿಸಿದರೆ ಬರುವ ದೊಡ್ಡದು 4294967295 ಭುಜದ್ದು.

ಹೊಸದುರ್ಗದವರ ಅರ್ಧ ಮಣೆಯ ಅಕ್ಕಿ ಎಷ್ಟು ಕಾಳೋ ಅಷ್ಟೇ ಭುಜ! ಇದು ಬರೆಯುವಾಗ ಈಗ ತಾನೇ ಹೊಳೆಯಿತು.

ಮಗಳಿಗೆ ಮಾಡಲಿಕ್ಕೆ ಆಗುವಂಥದ್ದು 15 ಭುಜದ್ದು. ಒಂದೇ ವೃತ್ತದಲ್ಲಿ ಒಂದೇ ಬಿಂದುವಿನಿಂದ ಮೂರು ಭುಜದ್ದನ್ನೂ ಐದು ಭುಜದ್ದನ್ನೂ ಬರೆಯಿರಿ. ಮೂರರದ್ದರ ಮೊದಲ ಮೂಲೆ 120 ಡಿಗ್ರಿಗೆ, ಐದರದ್ದರ ಎರಡನೇ ಮೂಲೆ 144 ಡಿಗ್ರಿಗೆ. ನಡುವೆ 24 ಡಿಗ್ರಿ. 360ನ್ನು 24ರಿಂದ ಭಾಗಿಸಿದರೆ 15. ಆ ಅಂತರವನ್ನು ಕೈವಾರದಲ್ಲಿ ಹಿಡಿದು ಸುತ್ತ ಗುರುತು ಹಾಕುತ್ತಾ ಬಂದರೆ ಹದಿನೈದನೆಯದು ಸರಿಯಾಗಿ ಮೊದಲಿನದ್ದರ ಮೇಲೆ ಕೂರುತ್ತದೆ. ಪೆನ್ಸಿಲಿನ ಮೊನೆ ಚೂಪಾಗಿರಲಿ, ಮೊಂಡಾದರೆ ಕೊನೆಗೆ ಕೂದಲೆಳೆ ತಪ್ಪುತ್ತದೆ. ನಮ್ಮ ಹುಡುಗಿಯರು ಇದರ ಮೇಲೆ ರಂಗೋಲಿ ಹಾಕುತ್ತಾರೆ.


ಬದಿಯಡ್ಕದ ಅಂಗಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಕುಂಬಳೆಯವರೇ, 40 ಗೋಣಿಯ ಖರೀದಿ ಹಾಕಿದೆ. ಸರಿಯಾಗಿ 39 ತೋರಿಸಿತು. ಸಾಫ್ಟ್‌ವೇರಿನವರಿಗೂ ಫೋನ್ ಮಾಡಿದೆ, ಮುಂದಿನ ಅಪ್‌ಡೇಟಿನಲ್ಲಿ ಸರಿ ಮಾಡುತ್ತೇವೆ ಅಂದರು.

ಮಾಷ್ಟ್ರೇ, ಮಗಳು ಐದು ಭಾಗಾಕಾರವನ್ನೂ ಮಾಡಿದಳು. 257ಕ್ಕೆ ಶೇಷ 170. 641ಕ್ಕೆ 44. 769ಕ್ಕೆ 120. 1153ಕ್ಕೆ 334. 1409ಕ್ಕೆ 632. ಯಾವುದೂ ಸೊನ್ನೆ ಅಲ್ಲ, ಹಾಗಾದರೆ 6700417 ಅವಿಭಾಜ್ಯ ಅಂತ ಬರೆದು ಕೆಳಗೆ ಎರಡು ಗೆರೆ ಹಾಕಿದ್ದಾಳೆ.

ಆದರೆ ಅವಳಿಗೆ ಒಂದು ಸಮಾಧಾನ ಇಲ್ಲ. ಭಾಗಿಸುವ ಸಂಖ್ಯೆ 64ರ ಮಗ್ಗಿಗಿಂತ ಒಂದು ಜಾಸ್ತಿ "ಇರಲೇಬೇಕು" ಅಂತ ನೀವು ಬರೆದಿರಿ. ಯಾಕೆ ಇರಲೇಬೇಕು ಅಂತ ಹೇಳಲಿಲ್ಲವಲ್ಲ, ಅದನ್ನು ನಂಬಿ ಉಳಿದದ್ದನ್ನೆಲ್ಲ ಬಿಟ್ಟರೆ ನಾನು ನೋಡಿದ ಹಾಗೆ ಆಗುತ್ತದಾ ಅಂತ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ.


ಪೆರ್ಲದ ಗಣಿತ ಮಾಷ್ಟ್ರು

ಅವಳು ಕೇಳಿದ್ದು ಸರಿ. ಕಾರಣ ಕೊಡದೆ "ಇರಲೇಬೇಕು" ಅಂತ ನಾನು ಬರೆಯಬಾರದಿತ್ತು.

ಮೊದಲು, 1409ರ ಶೇಷ ಇನ್ನೊಮ್ಮೆ ನೋಡಲಿ. 4755 ಸಲ ಹೋಗಿ 622 ಉಳಿಯಬೇಕು, 632 ಅಲ್ಲ. ಕೊನೆಯ ಕಳೆಯುವಿಕೆಯಲ್ಲಿ ದಶಕ ತೆಗೆದುಕೊಂಡದ್ದು ಬಿಟ್ಟುಹೋಗಿರಬೇಕು. ಉಳಿದ ನಾಲ್ಕೂ ಸರಿ. ತೀರ್ಮಾನವೂ ಸರಿಯೇ.

ಈಗ 64ರ ವಿಷಯ. 7, 11, 13ಕ್ಕೆ ಸುತ್ತು ಬರೆದ ಕಾಗದ ಇಟ್ಟುಕೊಂಡಿದ್ದಾಳಾ? 7ಕ್ಕೆ ಸುತ್ತು 3, 11ಕ್ಕೆ 10, 13ಕ್ಕೆ 12. 17ಕ್ಕೂ ಬರೆಯಲಿ: 1, 2, 4, 8, 16, 15, 13, 9, ಮತ್ತೆ 1. ಎಂಟು. ಈಗ ಪ್ರತಿ ಸಂಖ್ಯೆಯಿಂದ ಒಂದು ಕಳೆದು ಪಕ್ಕದಲ್ಲಿ ಇಡಲಿ. 6, 10, 12, 16. ಸುತ್ತಿನ ಉದ್ದ ಪ್ರತಿ ಸಲ ಇದನ್ನು ಸರಿಯಾಗಿ ಭಾಗಿಸುತ್ತದೆ. ಇದು ಯಾವಾಗಲೂ ನಿಜ, ಇದನ್ನು ಮೊದಲು ಹೇಳಿದವನೂ ಫರ್ಮಾನೇ. ಅವಿಭಾಜ್ಯ ಸಂಖ್ಯೆಯಿಂದ ಒಂದು ಕಳೆದರೆ ಬರುವುದರಲ್ಲಿ ಸುತ್ತುಗಳು ಪೂರ್ತಿಯಾಗಿ ಹಿಡಿಯಬೇಕು, ಅರ್ಧ ಸುತ್ತು ಉಳಿಯುವ ಹಾಗಿಲ್ಲ.

ಈಗ ಯಾವುದೋ ಒಂದು ಅವಿಭಾಜ್ಯ ಸಂಖ್ಯೆ 4294967297ನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳೋಣ. ಆಗ ಅದರ ಸುತ್ತಿನಲ್ಲಿ 32ನೇ ಹೆಜ್ಜೆಗೆ ಮೈನಸ್ 1 ಬರಬೇಕು. ಇನ್ನೊಂದು 32 ಹೆಜ್ಜೆ ಹೋದರೆ ಮೈನಸ್ 1 ಗುಣಿಸು ಮೈನಸ್ 1, ಪ್ಲಸ್ 1. ಅಂದರೆ 64ಕ್ಕೆ ಸುತ್ತು ಮುಗಿಯುತ್ತದೆ. ಅದಕ್ಕಿಂತ ಮೊದಲೇ ಮುಗಿಯಬಹುದಾ? ಮುಗಿದರೆ ಆ ಉದ್ದ 64ನ್ನು ಭಾಗಿಸಬೇಕು. 32, 16, 8, 4, 2, 1, ಅಷ್ಟೇ ಇರುವುದು. ಇವೆಲ್ಲ 32ನ್ನೂ ಭಾಗಿಸುತ್ತವೆ. ಹಾಗಾದರೆ 32ನೇ ಹೆಜ್ಜೆಯಲ್ಲಿ ಪ್ಲಸ್ 1 ಬರಬೇಕಿತ್ತು. ಆದರೆ ಅಲ್ಲಿ ಇರುವುದು ಮೈನಸ್ 1. ಹಾಗಾಗಿ ಸುತ್ತು ಸರಿಯಾಗಿ 64. ಆ ಅವಿಭಾಜ್ಯ ಸಂಖ್ಯೆಯಿಂದ ಒಂದು ಕಳೆದರೆ 64ರಿಂದ ಭಾಗವಾಗಲೇಬೇಕು.

ಒಂದೊಂದನ್ನೂ ಭಾಗಿಸಿ ನೋಡುವುದೂ ನೋಡುವುದೇ, ಕಾರಣ ಹಿಡಿದು ನೂರಾರನ್ನು ಒಟ್ಟಿಗೆ ಬದಿಗೆ ಸರಿಸುವುದೂ ನೋಡುವುದೇ ಅಂತ ಅವಳಿಗೆ ಹೇಳಿ. 128ರ ಕಾರಣಕ್ಕೆ ಇನ್ನೊಂದು ಪಾಠ ಬೇಕು, ಅದು ಪ್ಲಸ್ ಟೂ ಆದ ಮೇಲೆ ಸಾಕು. ಅಲ್ಲಿಯವರೆಗೆ ನಂಬಿಕೆ ಬರದಿದ್ದರೆ 64ರ ಪಟ್ಟಿಯನ್ನೇ 2588ರವರೆಗೆ ಮಾಡಲಿ, ನಲವತ್ತು ಸಂಖ್ಯೆ ಬರುತ್ತದೆ, ಅದರಲ್ಲಿ ಅವಿಭಾಜ್ಯ ಇರುವುದನ್ನು ಮಾತ್ರ ನೋಡಿದರೆ ಸಾಕು.

ಈಗ ನಿಮ್ಮ ಚೀಟಿಯ ಸಂಖ್ಯೆ ಪೂರ್ತಿ ಹೀಗೆ:

3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯ ಸಂಖ್ಯೆ, ಪ್ರತಿಯೊಂದೂ ಒಂದೇ ಸಲ. ಹಾಗಾಗಿ ಇದನ್ನು ಸರಿಯಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 128. ಏಳರಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಎರಡನ್ನು ಏಳು ಸಲ ಗುಣಿಸಿದರೆ ಅಷ್ಟು. ಇದನ್ನು ತಾಳೆ ನೋಡುವುದು ಗುಣಾಕಾರದಿಂದ. ಏಳನ್ನೂ ಗುಣಿಸಿ ಚೀಟಿಯ ಸಂಖ್ಯೆ ಬರುತ್ತದಾ ನೋಡಲಿ.


ಕುಂಬಳೆ ಕೋಡರ್

ಮಾಷ್ಟ್ರೇ, ಹೀಗೆ ಯಾರೂ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಮಗಳಿಗೆ ಇನ್ನೊಂದು ಚಂದ ತೋರಿಸಬೇಕು. ಅವಳ 1229782938247303441ನ್ನು 17ರಿಂದ ಭಾಗಿಸಿದರೆ 72340172838076673. ನಮ್ಮ 16ರ ಬರವಣಿಗೆಯಲ್ಲಿ ಅದು 0101010101010101. ಅದನ್ನು 257ರಿಂದ ಭಾಗಿಸಿದರೆ 281479271743489, ಅಂದರೆ 0001000100010001. ಮತ್ತೆ 65537ರಿಂದ ಭಾಗಿಸಿದರೆ 4294967297, ಅದು 100000001. ಒಂದೊಂದು ತುಂಡು ತೆಗೆದ ಹಾಗೂ ಒಂದುಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಅಡಿಕೆ ಸಸಿ ಒತ್ತಾಗಿ ಬೆಳೆದದ್ದನ್ನು ಒಂದು ಬಿಟ್ಟು ಒಂದು ಕಿತ್ತ ಹಾಗೆ ಕಾಣುತ್ತದೆ ನನಗೆ.

ಹೀಗೆ ಹುಟ್ಟಿದ ಬಗೆ ಗೊತ್ತಿಲ್ಲದ ದೊಡ್ಡ ಸಂಖ್ಯೆ ಒಡೆಯುವುದು ಎಷ್ಟು ಕಷ್ಟ ಅಂದರೆ, ಬ್ಯಾಂಕಿನ ವೆಬ್‌ಸೈಟುಗಳ ಬೀಗಗಳಲ್ಲಿ ಒಂದು ಬಗೆ ಅದರ ಮೇಲೆಯೇ ನಿಂತಿದೆ. ಅಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸಿ 617 ಅಂಕಿಯ ಸಂಖ್ಯೆ ಇಡುತ್ತಾರೆ, ಅದಕ್ಕೆ ಇಂಥ ಸೂತ್ರದ ಸಂದು ಇರದ ಹಾಗೆ ನೋಡಿಕೊಂಡು.


ಬದಿಯಡ್ಕದ ಅಂಗಡಿ

1409ಕ್ಕೆ 622ವೇ ಸರಿ ಮಾಷ್ಟ್ರೇ. ನೀವು ಹೇಳಿದ ಜಾಗದಲ್ಲೇ ತಪ್ಪಿತ್ತು.

ಗುಣಾಕಾರವೂ ಆಯಿತು. ಇವತ್ತು ಅಂಗಡಿಗೇ ಬಂದು ಕೂತು, ಹಿಂಡಿ ಗೋಣಿಯ ಮೇಲೆ ಪುಸ್ತಕ ಇಟ್ಟುಕೊಂಡು ಮಾಡಿದಳು. 15, 255, 65535, 4294967295, ಅದಕ್ಕೆ 641 ಗುಣಿಸಿ 2753074036095. ಕೊನೆಗೆ 6700417. ಏಳು ಸಾಲು ಇಳಿದು ಕೂಡಿಸುವಾಗ ಬಲಗಡೆಯಿಂದ 5, 1, 6, 1 ಬಂದ ಕೂಡಲೇ "ಅಪ್ಪಾ 1615 ಬಂತು" ಅಂತ ಕೂಗಿದಳು. ಪೂರ್ತಿ ಮುಗಿದಾಗ ಚೀಟಿಯನ್ನು ಪಕ್ಕದಲ್ಲಿಟ್ಟು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿದೆವು, ನಾನು ಓದಿದೆ, ಅವಳು ಹೌದು ಹೌದು ಅಂದಳು. ಇಪ್ಪತ್ತೂ ಸರಿ.

15 ಭುಜದ ಚಿತ್ರ ಭಾನುವಾರಕ್ಕೆ ಇಟ್ಟಿದ್ದಾಳೆ ಸರ್, ಕೈವಾರ ಹೊಸದು ತರಬೇಕು.

ಈಗ ಕೇಳುತ್ತಿರುವುದು, ಇದಕ್ಕಿಂತ ಮುಂದೆ ಏನು ಅಂತ.


ಪೆರ್ಲದ ಗಣಿತ ಮಾಷ್ಟ್ರು

ಚೀಟಿಯ ಸಂಖ್ಯೆಗೆ ಎರಡು ಸೇರಿಸಲಿ. 18446744073709551617. ಅದು ಸಾಲಿನಲ್ಲಿ ಮುಂದಿನ ಫರ್ಮಾ ಸಂಖ್ಯೆ. ಎರಡು ಕಮ್ಮಿ ಇರುವಾಗ ಏಳು ತುಂಡಾಗುವ ಸಂಖ್ಯೆ, ಎರಡು ಸೇರಿಸಿದರೆ ಎರಡೇ ತುಂಡು, 1855ರಲ್ಲಿ ಕ್ಲಾಸೆನ್ ಅನ್ನುವವರು ಒಡೆಯುವವರೆಗೆ ಯಾರಿಗೂ ಆಗಿರಲಿಲ್ಲ. ಒಂದು ತುಂಡು 274177. ಅದರಿಂದ ಒಂದು ಕಳೆದು 256ರಿಂದ ಭಾಗವಾಗುತ್ತದಾ ಅಂತ ಮೊದಲು ನೋಡಲಿ, ಆಮೇಲೆ ಇನ್ನೊಂದು ತುಂಡನ್ನು ಅವಳೇ ಭಾಗಿಸಿ ತೆಗೆಯಲಿ. ನಾನು ಹೇಳುವುದಿಲ್ಲ.


ಬದಿಯಡ್ಕದ ಅಂಗಡಿ

256ರಿಂದ ಭಾಗವಾಯಿತು, 1071 ಸಲ. ಈಗ ದೊಡ್ಡ ಭಾಗಾಕಾರ ಶುರು ಮಾಡಿದ್ದಾಳೆ. 274177ರ ಮಗ್ಗಿಯನ್ನು ಒಂಬತ್ತರವರೆಗೆ ಬೇರೆ ಹಾಳೆಯಲ್ಲಿ ಬರೆದು ಎದುರಿಗೆ ಇಟ್ಟುಕೊಂಡಿದ್ದಾಳೆ. ಸದ್ಯಕ್ಕೆ 67280ರವರೆಗೆ ಬಂದಿದೆ.